ಥರ್ಮೊಕೋಲಿನ ಬೀಸುಕಲ್ಲು

ಸುತ್ತೋಲೆ ಮತ್ತೆ ಬಂದಿದೆ. ಶನಿವಾರ ‘ಎಥ್ನಿಕ್ ಡೇ’ಯಂತೆ. ಗಂಡುಮಕ್ಕಳಿಗೆ ಪಂಚೆ-ಶಲ್ಯ, ಹೆಣ್ಣುಮಕ್ಕಳಿಗೆ ಲಂಗ-ದಾವಣಿ. ಮನೆಯಲ್ಲಿ ಇಲ್ಲದವರಿಗೆ ಬಾಡಿಗೆ ಅಂಗಡಿಯ ನಂಬರೂ ಕೆಳಗಿದೆ. ಇದೇನು ಎಂದು ಬಾಯಿ ಬಿಟ್ಟರೆ ಸಾಕು, ಪೋಷಕರ ವಾಟ್ಸ್‌ಆ್ಯಪ್ ಗುಂಪು ಮೈಮೇಲೆ ಬೀಳುತ್ತದೆ: ಮಕ್ಕಳಿಗೆ ನಮ್ಮ ಸಂಸ್ಕೃತಿ ಗೊತ್ತಾಗೋದು ಬೇಡವಾ? ಬೇಕು ಸ್ವಾಮಿ, ಅದಕ್ಕೇ ಕೇಳುತ್ತಿರುವುದು.

ಕಳೆದ ವರ್ಷ ವೇದಿಕೆಯ ಮೇಲೆ ‘ಹಳ್ಳಿಮನೆ’ ಇತ್ತು. ನಡುವೆ ಬೂದು ಬಣ್ಣ ಬಳಿದ ಥರ್ಮೊಕೋಲಿನ ಬೀಸುಕಲ್ಲು. ಜಡೆಗೆ ಪ್ಲಾಸ್ಟಿಕ್ ಮಲ್ಲಿಗೆ ಮುಡಿದ ಪುಟಾಣಿಯೊಬ್ಬಳು ಅದರ ಮೇಲೆ ಅಂಗೈ ಸವರುತ್ತಾ, ನಮ್ಮ ಪೂರ್ವಜರು ಇದರಲ್ಲಿ ಹಿಟ್ಟು ಮಾಡುತ್ತಿದ್ದರು ಎಂದು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಚಪ್ಪಾಳೆಯೋ ಚಪ್ಪಾಳೆ. ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಆಯಮ್ಮ, ಗದಗ ಕಡೆಯವರು, ಸೆರಗು ಬಾಯಿಗಿಟ್ಟು ನಕ್ಕರು: ‘ಗೂಟಾನ ಇಲ್ಲಲ್ರೀ, ಏನ್ ಹಿಡಕೊಂಡು ಬೀಸ್ತಾರ?’

ಬೀಸುವ ಪದ ಬರುತ್ತಾ ಎಂದು ಕೇಳಿದೆ. ಬರುತ್ತಿತ್ತು, ಒಂದೆರಡಲ್ಲ. ಇಡೀ ಶಾಲೆಯಲ್ಲಿ ಬೀಸುಕಲ್ಲು ತಿರುಗಿಸಿ ಗೊತ್ತಿದ್ದವರು ಬಹುಶಃ ಅವರೊಬ್ಬರೇ. ಅವರನ್ನು ವೇದಿಕೆಗೆ ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕರೆದದ್ದು ಮುಗಿದ ಮೇಲೆ, ಕಸ ಗುಡಿಸಲು.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ನಡೆಯಬೇಕು. ಲೆಕ್ಕ ಹಾಕಿ. 1 ದಿನ ಸಂಸ್ಕೃತಿ. ಉಳಿದ 199 ದಿನ ಆಟದ ಬಯಲಲ್ಲಿ ಕನ್ನಡ ಬಾಯಿಂದ ಜಾರಿದರೆ 10 ರೂಪಾಯಿ ದಂಡ. ನಮ್ಮ ಹುಡುಗಿ ‘ಅಯ್ಯೋ’ ಎಂದದ್ದಕ್ಕೂ ಕಟ್ಟಿದ್ದಾಳೆ. ಬಿದ್ದಾಗ ಇಂಗ್ಲಿಷಿನಲ್ಲಿ ನೋಯಬೇಕಿತ್ತೇನೋ. ಅದೇ ಕಾಯ್ದೆ, ಸಾಧ್ಯವಾದಷ್ಟೂ ಮಾತೃಭಾಷೆಯಲ್ಲೇ ಕಲಿಸಿ ಎನ್ನುತ್ತದೆ. ‘ಸಾಧ್ಯವಾದಷ್ಟೂ’ ಎಂಬ ಸಂದಿಯಲ್ಲಿ ಇಡೀ ದಂಧೆ ನುಸುಳಿಹೋಯಿತು. ಕಲಿಕೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದು ನಿಜ. ಕನ್ನಡ ಆಡಿದ ಮಗುವಿನ ಜೇಬಿಗೆ ಕೈ ಹಾಕಿ ಎಂದು ಯಾವ ಕೋರ್ಟು ಹೇಳಿತು? 2015ರ ಕನ್ನಡ ಕಲಿಕಾ ಕಾಯ್ದೆ ಬಂದ ಮೇಲೆ ಕನ್ನಡದ ಪೀರಿಯಡ್ಡೊಂದು ವೇಳಾಪಟ್ಟಿಗೆ ಸೇರಿದೆ. ಗಂಟೆ ಹೊಡೆದೊಡನೆ ದಂಡ ಶುರು.

ಸರ್ಕಾರವೇನೂ ಕಮ್ಮಿಯಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಛದ್ಮವೇಷಕ್ಕೊಂದು ಸ್ಪರ್ಧೆಯಿಟ್ಟು ಬಹುಮಾನ ಹಂಚುತ್ತದೆ. ಶಾಲೆಯಲ್ಲಿ ಯಾವ ಹಬ್ಬ ಮಾಡಬೇಕು, ಯಾವುದು ಕೂಡದು ಎಂದು ಪಕ್ಷಗಳು ಟಿವಿಯಲ್ಲಿ ಗಂಟಲು ಹರಿದುಕೊಳ್ಳುತ್ತವೆ. ಹಾಗೆ ಕಿರುಚುವವರ ಮೊಮ್ಮಕ್ಕಳು ಕನ್ನಡ ಶಾಲೆಯ ಮೆಟ್ಟಿಲನ್ನಾದರೂ ನೋಡಿದ್ದಾರೆಯೇ?

ಉಡುಪಿ ಕಡೆಯ ಪ್ರೌಢಶಾಲೆಗಳಲ್ಲಿ ಮಕ್ಕಳು ಯಕ್ಷಗಾನ ಕಲಿಯುತ್ತಾರೆ. ತಿಂಗಳುಗಟ್ಟಲೆ ತಾಳ, ಹೆಜ್ಜೆ, ಮಾತುಗಾರಿಕೆ. ಗೆಜ್ಜೆ ಕಟ್ಟುವುದು ಎಲ್ಲಕ್ಕಿಂತ ಕೊನೆಗೆ. ಮಾತುಗಾರಿಕೆಗೆ ನಿಂತ ಹುಡುಗ ತಡಬಡಾಯಿಸದೆ ಕನ್ನಡ ಆಡಲೇಬೇಕು, ಅಲ್ಲಿ ದಂಡದ ಡಬ್ಬಿ ಇಟ್ಟರೆ ಆಟವೇ ನಿಂತುಹೋಗುತ್ತದೆ. ನಮ್ಮಲ್ಲಿ ವೇಷವೇ ಮೊದಲು, ವೇಷವೇ ಕೊನೆ. ಸಂಜೆ ಆರರೊಳಗೆ ವಾಪಸ್ ಕೊಡದಿದ್ದರೆ ಬಾಡಿಗೆ ಡಬಲ್.

ಶನಿವಾರ ಹುಡುಗಿಯನ್ನು ಯೂನಿಫಾರ್ಮಿನಲ್ಲೇ ಕಳಿಸುತ್ತೇನೆ. ಆಯಮ್ಮನಿಂದ ಎರಡು ಪದ ಕಲಿತಿದ್ದಾಳೆ, ಮೈಕ್ ಕೊಟ್ಟರೆ ಹಾಡುತ್ತಾಳಂತೆ. ಸಾಲಿಗೆ 10 ರೂಪಾಯಿಯಂತೆ ಚಿಲ್ಲರೆ ಜೇಬಲ್ಲಿಟ್ಟಿದ್ದೇನೆ.