ಟೇಪ್ ಜೋರು ಮಾಡಿದರೆ ಬ್ರೇಕ್ ರಿಪೇರಿ ಆಗುವುದಿಲ್ಲ

ಕಳೆದ ಉಳ್ಳಾಗಡ್ಡಿ ಸುಗ್ಗಿಯಲ್ಲಿ ಅಣ್ಣಿಗೇರಿ ಕಡೆಯ ಒಂದು ಊರಿನಿಂದ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೊರಟ ಪಿಕಪ್‌ನಲ್ಲಿ ನಾವು ಕೂತಿದ್ದೆವು. ದರದ ಸುದ್ದಿ ಮಾಡಬೇಕಿತ್ತು, ಬಸ್ಸು ತಪ್ಪಿತ್ತು. ಶಿರಗುಪ್ಪಿ ಹತ್ತಿರ ಎಮ್ಮೆಗಳು ಅಡ್ಡ ಬಂದವು. ಡ್ರೈವರ್ ಬ್ರೇಕ್ ಒತ್ತಿದ. ಹಿಂದಿನಿಂದ 'ಗರ್ರ್' ಎಂದು, ಕಲ್ಲಿನ ಮೇಲೆ ಕಬ್ಬಿಣ ಉಜ್ಜಿದ ಹಾಗೆ ಸಪ್ಪಳ ಬಂತು.

"ಏನದು ಸಪ್ಪಳ, ತಮ್ಮಾ?"

"ಹದಿನೈದು ದಿನದಿಂದ ಹಂಗ ಐತ್ರಿ ಸರ್. ಗಾಡಿ ನಿಲ್ಲತೈತಿ, ಚಿಂತಿ ಮಾಡಬ್ಯಾಡ್ರಿ," ಅಂದವನು ಟೇಪ್ ಜೋರು ಮಾಡಿದ.

ನಾವೂ ಸುಮ್ಮನಾದೆವು. ಅದು ನಮ್ಮ ತಪ್ಪು. ಯಾಕೆಂದರೆ ಅಪಘಾತ ಆದ ಮೇಲೆ ಓಡಿ ಹೋಗಿ ಫೋಟೋ ತೆಗೆದು, 'ಬ್ರೇಕ್ ಫೇಲ್ ಆಗಿ ಪಲ್ಟಿ' ಎಂದು ಎರಡು ಸಾಲು ಕಳಿಸುವವರು ನಾವೇ. ಆ ಮಾತು ಓದಿದರೆ ಬ್ರೇಕ್ ಎಂಬುದು ಗುಡುಗು ಸಿಡಿಲಿನ ಹಾಗೆ ಒಮ್ಮೆಲೇ ಬಂದು ಬಡಿಯುವ ಸಂಗತಿ ಅನಿಸುತ್ತದೆ. ಬಹಳಷ್ಟು ಸಲ ಹಾಗಿರುವುದಿಲ್ಲ. ಬ್ರೇಕ್ ಕೈಕೊಡುವ ಮೊದಲು ವಾರಗಟ್ಟಲೆ ಮಾತಾಡುತ್ತದೆ. ಕೇಳುವವರು ಬೇಕು, ಅಷ್ಟೇ.

ಆ ಗಾಡಿಯ ಕತೆ ಮುಂದೇನಾಯಿತು ಹೇಳುತ್ತೇವೆ. ಮೊದಲು ಒಂದು ಗ್ಯಾರೇಜಿನಲ್ಲಿ ಫೋನಿನಲ್ಲೇ ಸಪ್ಪಳ ಕೇಳಿ "ಮುಂದಿನ ಪ್ಯಾಡ್ ಹೋಗ್ಯಾವು" ಅಂದಿದ್ದರು. ಪ್ಯಾಡ್ ಹೊಸವು ಬಿದ್ದವು, ಸಪ್ಪಳ ಹೋಗಲಿಲ್ಲ. ರೊಕ್ಕ ಹೋಯಿತು. ನಮ್ಮ ಪ್ರಯಾಣ ಆದ ಎರಡನೇ ದಿನ ಗಾಡಿ ಹುಬ್ಬಳ್ಳಿಯಲ್ಲೇ ಒಬ್ಬ ಹಿರಿಯ ಮಿಸ್ತ್ರಿಯ ಕೈಗೆ ಬಂತು. ಅವರು ಪಾನಾ ಮುಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿದರು. ಸಪ್ಪಳ ಬ್ರೇಕ್ ಒತ್ತಿದಾಗ ಮಾತ್ರವೋ, ಯಾವಾಗಲೂವೋ? ಖಾಲಿ ಇದ್ದಾಗಲೂ ಬರುತ್ತದೋ, ಲೋಡ್ ಇದ್ದಾಗ ಮಾತ್ರವೋ? ಗಾಡಿ ಒಂದು ಕಡೆ ಎಳೆಯುತ್ತದೋ? ಬ್ರೇಕ್ ಆಯಿಲ್ ಇತ್ತೀಚೆಗೆ ಹಾಕಿದ್ದೀರೋ?

"ಆಯಿಲ್ ವಾರಕ್ಕೊಮ್ಮೆ ಹಾಕ್ತೀನ್ರಿ ಕಾಕಾ, ಕಡಿಮಿ ಆಗತೈತಿ," ಅಂದ ಡ್ರೈವರ್.

"ಅದನ್ನ ಮೊದಲ ಹೇಳಬಾರದೇನೋ? ಬ್ರೇಕ್ ಆಯಿಲ್ ಏನು ಡೀಸೆಲ್ಲಾ, ಓಡಿದಂಗ ಖರ್ಚಾಗಾಕ?"

ಖಾಲಿ ಬಯಲಿನಲ್ಲಿ ಗಾಡಿಯನ್ನು ನಡೆಯುವ ವೇಗದಲ್ಲಿ ಬಿಟ್ಟು, ಕಾಲಿನ ಬ್ರೇಕ್ ಮುಟ್ಟದೆ ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಸಿದರು. ಅದೇ 'ಗರ್ರ್'. ಬಹಳಷ್ಟು ಪಿಕಪ್‌ಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು ಮಾತ್ರ. ಅಂದರೆ ಸಪ್ಪಳ ಹಿಂದಿನದು. ಮುಂದಿನ ಪ್ಯಾಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಜಾಕ್ ಹಚ್ಚಿ ಬಲಗಡೆ ಡ್ರಮ್ ಬಿಚ್ಚಿದರು. ಲೈನರ್ ಸವೆದು ರಿವೆಟ್ ಮೇಲೆ ಬಂದಿದ್ದವು. ರಿವೆಟ್ ಡ್ರಮ್ಮಿಗೆ ಉಜ್ಜಿ ನೇಗಿಲ ಸಾಲು ಹೊಡೆದಂತೆ ಗೆರೆ ಬಿದ್ದಿತ್ತು. ನಾವು "ಸಿಕ್ಕಿತಲ್ಲ" ಅಂದೆವು. ಮಿಸ್ತ್ರಿ ತಲೆಯಾಡಿಸಿ ಎಡಗಡೆ ಡ್ರಮ್ಮನ್ನೂ ಬಿಚ್ಚಿದರು. ಅಲ್ಲಿತ್ತು ರೋಗ. ಎಡಗಾಲಿಯ ವೀಲ್ ಸಿಲಿಂಡರ್ ಸೋರಿ ಲೈನರ್ ಎಲ್ಲ ಆಯಿಲ್‌ನಲ್ಲಿ ನೆನೆದಿತ್ತು. ಎಣ್ಣೆ ಕುಡಿದ ಲೈನರ್ ಹಿಡಿಯುವುದಿಲ್ಲ, ಜಾರುತ್ತದೆ. ಹಾಗಾಗಿ ಹಿಂದಿನ ಎರಡು ಗಾಲಿಯ ಕೆಲಸವನ್ನು ಬಲಗಾಲಿ ಒಂದೇ ಮಾಡಿ ಮಾಡಿ ಸವೆದು ಹೋಗಿತ್ತು. ಸಪ್ಪಳ ಮಾಡಿದ್ದು ದುಡಿದ ಗಾಲಿ. ಕೆಟ್ಟದ್ದು ಸುಮ್ಮನೆ ಕೂತಿದ್ದ ಗಾಲಿ.

ಬಲಗಡೆ ಲೈನರ್ ಒಂದನ್ನೇ ಬದಲಿಸಿದ್ದರೆ ಸಪ್ಪಳ ನಿಲ್ಲುತ್ತಿತ್ತು, ಅಪಾಯ ನಿಲ್ಲುತ್ತಿರಲಿಲ್ಲ. ಅದಕ್ಕೇ ಬ್ರೇಕ್ ಕೆಲಸವನ್ನು ಯಾವಾಗಲೂ ಎರಡೂ ಕಡೆ ಜೋಡಿಯಾಗಿ ಮಾಡಿಸಬೇಕು.

ಓದುಗರು ನೆನಪಿಡಲು ಸಪ್ಪಳಗಳ ಲೆಕ್ಕ ಇಲ್ಲಿ ಕೊಡುತ್ತೇವೆ.

ಬೆಳಗ್ಗೆ ಮೊದಲ ಒಂದೆರಡು ಬ್ರೇಕಿಗೆ 'ಕರ್' ಎಂದು ಆಮೇಲೆ ನಿಂತರೆ, ರಾತ್ರಿ ಮಳೆ ಮಂಜಿಗೆ ಡಿಸ್ಕ್ ಮೇಲೆ ಬಂದ ತೆಳು ತುಕ್ಕು. ಹೆದರಬೇಕಿಲ್ಲ.

'ಕೀಂ' ಎಂದು ಸಣ್ಣ ದನಿ ದಿನವೂ ಬಂದರೆ, ಪ್ಯಾಡ್ ಸವೆದಿರಬಹುದು. ಅನೇಕ ಪ್ಯಾಡ್‌ಗಳಿಗೆ ಒಂದು ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಮುಗಿಯುತ್ತ ಬಂದಾಗ ಅದು ಡಿಸ್ಕ್‌ಗೆ ತಾಗಿ ಕೂಗಲೆಂದೇ ಇಟ್ಟಿದ್ದು. ಧೂಳು ಕೂತರೂ ಕೀಂಗುಡುತ್ತದೆ. ಆ ವಾರದಲ್ಲೇ ಬಿಚ್ಚಿ ನೋಡಿಸಿ.

'ಗರ್ರ್' ಎಂದು ಕಾಲಿನ ಅಡಿಗೂ ಗೊತ್ತಾದರೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ. ಲೋಡ್ ಇಳಿಸಿ, ಗ್ಯಾರೇಜಿಗೆ ಹೋಗಿ. ಇನ್ನೊಂದು ಟ್ರಿಪ್ ಅನ್ನಬೇಡಿ.

'ಟಕ್' ಅಥವಾ 'ಧಡ್' ಎಂದು ಒಂದೇ ಪೆಟ್ಟು ಬಂದರೆ, ಕ್ಯಾಲಿಪರ್ ಬೋಲ್ಟ್, ಬುಶ್, ಇಲ್ಲವೇ ಹಿಂದಿನ ಪಾಟಾದ ಯು-ಬೋಲ್ಟ್ ಸಡಿಲಾಗಿರಬಹುದು.

ಬ್ರೇಕ್ ಒತ್ತದಿದ್ದರೂ 'ಚರ್ರ್' ಎಂದರೆ, ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಹರಳು ಸಿಕ್ಕಿರಬಹುದು. ಎರೆಹೊಲದಲ್ಲಿ ಗಾಡಿ ಇಳಿಸುವ ನಮ್ಮ ಕಡೆ ಒಣಗಿದ ಮಣ್ಣೂ ಈ ಕೆಲಸ ಮಾಡುತ್ತದೆ.

ಒಂದು ಗಾಲಿ ಮಾತ್ರ ಸುಡುತ್ತಿದ್ದರೆ, ಬ್ರೇಕ್ ಒತ್ತಿದಾಗ ಗಾಡಿ ಒಂದು ಮಗ್ಗುಲಿಗೆ ಎಳೆದರೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ, ಸಪ್ಪಳ ಇರಲಿ ಬಿಡಲಿ, ಗಾಡಿ ನಿಲ್ಲಿಸಿ.

ಇನ್ನೊಂದು ಮಾತು. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಹವಾ ಹೊಡೆಯಬೇಡಿ. ಹಳೆ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ.

ಈಗ ನಮ್ಮ ವಾದ. ಇಷ್ಟೆಲ್ಲ ಡ್ರೈವರಿಗೆ ಗೊತ್ತಿಲ್ಲವೇ? ಅರ್ಧ ಗೊತ್ತಿದೆ. ಗೊತ್ತಿದ್ದೂ ಟೇಪ್ ಜೋರು ಮಾಡುತ್ತಾನೆ. ಯಾಕೆಂದರೆ ಗಾಡಿ ಅವನದಲ್ಲ. ಗಾಡಿ ನಿಂತರೆ ಅವನ ಅಂದಿನ ಪಗಾರ ಇಲ್ಲ. ಮಾಲೀಕರಿಗೆ ಹೇಳಿದರೆ "ನೀನೇ ಸವಿಸಿದ್ದು" ಎಂಬ ಮಾತು. ಮಾಲೀಕರಿಗೆ ಸಾಲದ ಕಂತು. ರೈತನಿಗೆ ಇವತ್ತೇ ಮಾಲು ಮಾರುಕಟ್ಟೆ ಮುಟ್ಟಬೇಕು, ನಾಳೆ ದರ ಏನೋ. ಎಲ್ಲರಿಗೂ ಅವರವರ ಕಾರಣ ಇದೆ. ಯಾರೂ ಕೆಟ್ಟವರಲ್ಲ. ಆದರೆ ಎಲ್ಲರ ಕಾರಣವೂ ಸೇರಿ ಬೀಳುವುದು ಆ ಸವೆದ ಲೈನರ್ ಮೇಲೆ.

ಅದರ ಮೇಲೆ ಓವರ್‌ಲೋಡ್. ಗಾಡಿಯ ಭಾರ ಎರಡು ಪಟ್ಟಾದರೆ ಬ್ರೇಕ್ ತಡೆಯಬೇಕಾದ ಶಕ್ತಿಯೂ ಎರಡು ಪಟ್ಟು. ವೇಗ 30ರಿಂದ 60ಕ್ಕೆ ಹೋದರೆ ನಾಲ್ಕು ಪಟ್ಟು. ಆ ಶಕ್ತಿ ಎಲ್ಲ ಡ್ರಮ್ ಮತ್ತು ಡಿಸ್ಕ್‌ನಲ್ಲಿ ಬಿಸಿಯಾಗಿ ಕೂರುತ್ತದೆ. ಹೊಸ ಡಾಟ್ 3 ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ಆದರೆ ಅದು ಗಾಳಿಯ ತೇವ ಹೀರುತ್ತದೆ. ನೀರು ಸೇರಿದ ಹಳೆ ಆಯಿಲ್ 140ರ ಸುಮಾರಿಗೇ ಕುದಿಯಬಹುದು. ಯಲ್ಲಾಪುರ ದಾಟಿ ಅರೆಬೈಲ್ ಘಟ್ಟ ಇಳಿಯುವಾಗ ಪೆಡಲ್ ಒಮ್ಮೆಲೇ ಕೆಳಗೆ ಹೋಗುವುದು ಹೀಗೆ. ಘಟ್ಟದಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವವರು ಇದನ್ನು ಎರಡು ಸಲ ಓದಲಿ. ಏರಿದ ಗೇರಿನಲ್ಲೇ ಇಳಿಯಬೇಕು.

2021ರ ಜನವರಿ 15ರಂದು ಧಾರವಾಡ ಹತ್ತಿರದ ಇಟಿಗಟ್ಟಿ ಬಳಿ ಬೈಪಾಸ್‌ನಲ್ಲಿ ಟಿಪ್ಪರಿಗೆ ಟೆಂಪೋ ಟ್ರಾವೆಲರ್ ಡಿಕ್ಕಿಯಾಗಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಹೆಣ್ಣುಮಕ್ಕಳೂ ಸೇರಿ ಹತ್ತಕ್ಕೂ ಹೆಚ್ಚು ಜನ ಹೋದರು. ಎರಡೇ ಪಥದ, ನಡುವೆ ಡಿವೈಡರ್ ಇಲ್ಲದ ರಸ್ತೆ ಅದು. ಅಗಲ ಮಾಡುವ ಕೆಲಸ ಶುರುವಾಗಿದ್ದು ಆಮೇಲೆ. 2025ರ ಜನವರಿ 22ರಂದು ಯಲ್ಲಾಪುರ ತಾಲೂಕಿನ ಗುಳ್ಳಾಪುರ ಹತ್ತಿರ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಕಂದಕಕ್ಕೆ ಬಿದ್ದು ಹತ್ತು ಮಂದಿ ವ್ಯಾಪಾರಿಗಳು ಸತ್ತರು. ಲೋಡಿನ ಜೊತೆ ಕೂತಿದ್ದವರು ಅವರು. ಇವೆರಡನ್ನೂ ನಾವು ಬ್ರೇಕಿನ ಲೆಕ್ಕಕ್ಕೆ ಹಾಕುತ್ತಿಲ್ಲ. ಹೇಳುವುದಿಷ್ಟೇ: ನಮ್ಮ ರಸ್ತೆಗಳಲ್ಲಿ ತಪ್ಪಿಗೆ ಜಾಗ ಬಹಳ ಕಡಿಮೆ, ನಮ್ಮ ಗಾಡಿಗಳಲ್ಲಿ ಮಾಲಿನ ಜೊತೆ ಮನುಷ್ಯರೂ ಇರುತ್ತಾರೆ.

"ರಸ್ತೆನ ಸರಿ ಇಲ್ಲ, ಮೊದಲು ಅದನ್ನ ಕೇಳ್ರಿ" ಎಂದು ಕೆಲವರು ಹೇಳುತ್ತಾರೆ. ಕೇಳುತ್ತೇವೆ, ಬಿಡುವುದಿಲ್ಲ. ಆದರೆ ರಸ್ತೆ ಸರಿಯಾಗಲು ವರ್ಷಗಳು ಬೇಕು, ಲೈನರ್ ಹಾಕಲು ಅರ್ಧ ದಿನ ಸಾಕು.

"ಫಿಟ್‌ನೆಸ್ ಐತಲ್ರಿ" ಎಂದೂ ಹೇಳುತ್ತಾರೆ. ಗೂಡ್ಸ್ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್. ಆ ಕಾಗದ ಆ ಒಂದು ದಿನದ ಮಾತು. ಉಳಿದ ದಿನಗಳಲ್ಲಿ ಗಾಡಿ ನೋಡುವವರು ನಾವೇ. ಓವರ್‌ಲೋಡಿಗೆ 2019ರ ತಿದ್ದುಪಡಿ ಪ್ರಕಾರ 20,000 ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ದಂಡಕ್ಕೆ ಹೆದರಿ ಅಡ್ಡದಾರಿ ಹಿಡಿಯುವ ಬದಲು ಎರಡು ಟ್ರಿಪ್ ಮಾಡುವುದು ಅಗ್ಗ.

ನಾವು ಕೇಳುವುದು ಮೂರು ಸಂಗತಿ. ಮಾಲೀಕರೇ, ಬ್ರೇಕ್ ಸಪ್ಪಳ ತಿಳಿಸಿದ ಡ್ರೈವರಿಗೆ ಬೈಯಬೇಡಿ, ಗಾಡಿ ಗ್ಯಾರೇಜಿನಲ್ಲಿದ್ದ ದಿನದ ಪಗಾರ ಕೊಡಿ. ಡ್ರೈವರ್ ತಮ್ಮಂದಿರೇ, ಬಾಯಿಮಾತು ಬೇಡ, ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿ, ನಾಳೆ ನಿಮಗೇ ಸಾಕ್ಷಿ. ರೈತರೇ, ಬಾಡಿಗೆ ಚೌಕಾಸಿ ಮಾಡುವಾಗ "ಬ್ರೇಕ್ ಹೆಂಗದಾವು?" ಎಂದೂ ಕೇಳಿ, ಹಮಾಲರನ್ನು, ಹೆಣ್ಣಾಳುಗಳನ್ನು ಲೋಡಿನ ಮೇಲೆ ಕೂರಿಸಬೇಡಿ.

ಆ ಗಾಡಿಗೆ ಹಿಂದಿನ ಎರಡೂ ಕಡೆ ಹೊಸ ಲೈನರ್, ಹೊಸ ಸಿಲಿಂಡರ್ ಬಿದ್ದವು. ಡ್ರಮ್ ಲೇತಿಗೆ ಹೋಗಿ ಬಂತು. ಹಳೆ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಿ ಏರ್ ತೆಗೆದರು. ಒಂದು ದಿನದ ಬಾಡಿಗೆ ತಪ್ಪಿತು. ಮುಂದಿನ ವಾರ ಅದೇ ಪಿಕಪ್ ನಮ್ಮನ್ನು ಕಂಡು ನಿಂತಿತು. ಸಪ್ಪಳ ಇಲ್ಲದೇ ನಿಂತಿತು.

"ಟೇಪ್ ಹಚ್ಚಲೇನ್ರಿ ಸರ್?" ಅಂದ.

"ಈಗ ಹಚ್ಚೋ ತಮ್ಮಾ" ಅಂದೆವು.