ಯಾವ ತೋಟಾ ಅಂತ ಕೇಳುವವರಿಲ್ಲ

ವಾಕಡದ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ನಿಂತರೆ ಮುಂಬೈ-ಬೆಂಗಳೂರು ಹೆದ್ದಾರಿ ಕಾಣುತ್ತದೆ. ರಾತ್ರಿ ಎಂಟೂವರೆ ದಾಟಿತೆಂದರೆ ಸೇತುವೆ ಹತ್ತಿರ ಹುಬ್ಬಳ್ಳಿ ಕಡೆಯ ಬಸ್ಸುಗಳು ಸಾಲುಗಟ್ಟುತ್ತವೆ. ಹದಿನಾರು ವರ್ಷದಿಂದ ಆ ಬಸ್ಸುಗಳನ್ನು ನೋಡುತ್ತಿದ್ದೇನೆ. ಹತ್ತಿದ್ದು ವರ್ಷಕ್ಕೆ ಎರಡೋ ಮೂರೋ ಸಲ. ಶಿರಸಿ ತಾಲ್ಲೂಕಿನ ನಮ್ಮ ಮನೆಯಿಂದ ಅಪ್ಪಯ್ಯನ ಫೋನು ಬರುವುದೂ ಅದೇ ಹೊತ್ತಿಗೆ. ಕಳೆದ ತಿಂಗಳು ಅವರು ಕೇಳಿದ್ದು ನನ್ನ ಆರೋಗ್ಯವನ್ನಲ್ಲ.

"ತಮಾ, ಹಂದಿ ಬಂದು ಗದ್ದೆ ಉತ್ತಿಕ್ಕಿ ಹೋಜು. ಕೋವಿ ಅಂಗಡಿಯವ ಎಲ್‌ಜಿ ಬೈಂದಿಲ್ಲೆ ಹೇಳ್ತ. ನಾಲ್ಕನೇ ನಂಬರು ಇದ್ದಡ. ತಗಂಬನಾ?"

ಅಪ್ಪಯ್ಯನಿಗೆ ಎಪ್ಪತ್ತನಾಲ್ಕು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಆದರೂ ಅಜ್ಜನ ಕಾಲದಿಂದ ಜಗಲಿಯ ಒಳಗೋಡೆಗೆ ಒಂದು ಕೋವಿ ಇದೆ. ಮೊದಲು ಕೇಪಿನದು, ಆಮೇಲೆ ತೋಟಾದ್ದು. ಲೈಸೆನ್ಸಿನಲ್ಲಿ 'ಬೆಳೆ ರಕ್ಷಣೆಗಾಗಿ' ಅಂತ ಬರೆದಿದೆ.

ತಮಾಷೆ ಏನೆಂದರೆ, ಅವರು ಹುಡುಕುತ್ತಿರುವ ಆ ತೋಟಾ ತಯಾರಾಗುವುದು ನನ್ನ ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದಲ್ಲಿ. 1869ರಲ್ಲಿ ಬ್ರಿಟಿಷರು ಕಟ್ಟಿದ ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ. 2021ರಿಂದ ಅದು ಮ್ಯೂನಿಷನ್ಸ್ ಇಂಡಿಯಾ ಅನ್ನುವ ಸರ್ಕಾರಿ ಕಂಪನಿಯ ಪಾಲು. ತೋಟಾದ ತಳದ ಹಿತ್ತಾಳೆಯಲ್ಲಿ ಕೆ.ಎಫ್. ಅಂತ ಒತ್ತಿರುತ್ತದಲ್ಲ, ಅದು ಖಡಕಿ. ಅಪ್ಪಯ್ಯನ ಲೆಕ್ಕದಲ್ಲಿ ನಾನು ಬರುವಾಗ ಒಂದು ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಂದರಾಯಿತು, ಚಿತಳೆ ಅಂಗಡಿಯ ಬಾಕರ್‌ವಡಿ ತರುವ ಹಾಗೆ. ಲೈಸೆನ್ಸ್ ಇಲ್ಲದವ ಒಂದು ತೋಟಾ ಇಟ್ಟುಕೊಂಡರೂ ಅಪರಾಧ ಅಂತ ಹೇಳಿದೆ. "ಹಂಗಾರೆ ನಾಲ್ಕನೇ ನಂಬರೇ ಗತಿ" ಅಂದರು.

ಬೇಡ ಅಂದೆ. ಯಾಕೆ ಬೇಡ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಪ್ಪಯ್ಯನಿಗಲ್ಲ, ನನ್ನ ಸುತ್ತ ಇರುವ ಮೂರು ಥರದ ಬುದ್ಧಿವಂತರಿಗೆ.

ಮೊದಲನೆಯವರು ನಮ್ಮ ಸೊಸೈಟಿಯ ನೆರೆಯವರು. ಪಾರಿವಾಳಕ್ಕೆ ಕಾಳು ಹಾಕುತ್ತಾರೆ, ಒಳ್ಳೆಯ ಮನುಷ್ಯರು. ಲಿಫ್ಟಿನಲ್ಲಿ ವಿಷಯ ಬಂದಾಗ "ಪಾಪ, ಮೂಕಪ್ರಾಣಿ, ಕೊಲ್ಲೋದ್ಯಾಕೆ?" ಅಂದರು. ಇದೇ ಸೊಸೈಟಿಯವರು ಜಿರಲೆಗೆ ಮೂರು ತಿಂಗಳಿಗೊಮ್ಮೆ ಮದ್ದು ಹೊಡೆಸುತ್ತಾರೆ. ಇಲಿಗೆ ಅಂಟಿನ ಹಲಗೆ ಇಡುತ್ತಾರೆ. ಅದಕ್ಕೆ ಅಂಟಿದ ಇಲಿ ಎಷ್ಟು ಹೊತ್ತು ಒದ್ದಾಡಿ ಸಾಯುತ್ತದೆ ಅಂತ ಯಾರೂ ನೋಡುವುದಿಲ್ಲ, ಬೆಳಿಗ್ಗೆ ಕೆಲಸದವಳು ಎತ್ತಿ ಬಿಸಾಕುತ್ತಾಳೆ. ತಮ್ಮ ಅನ್ನಕ್ಕೆ ಬಾಯಿ ಹಾಕಿದ ಪ್ರಾಣಿಯನ್ನು ಎಲ್ಲರೂ ಕೊಲ್ಲುತ್ತಾರೆ ಕಣ್ರೀ. ಕೆಲವರು ಸ್ವಂತ ಕೈಯಿಂದ, ಕೆಲವರು ಬಿಲ್ಲು ಕೊಟ್ಟು.

ಎರಡನೆಯವನು ಹಿಂಜವಡಿಯ ನಮ್ಮ ಆಫೀಸಿನ ಗೆಳೆಯ. ಮೂರು ವರ್ಷ ಟೆಕ್ಸಾಸಿನಲ್ಲಿದ್ದು ಬಂದವನು. ಅವನಿಗೆ ಎಲ್ಲ ಸಮಸ್ಯೆಗೂ ರೈಫಲೇ ಉತ್ತರ. ಪೀಡೆ ಪ್ರಾಣಿಗಳಿಗಂತಲೇ ಅಲ್ಲಿ ಬೇರೆ ತೋಟಾಗಳಿವೆ, ಪಾಯಿಂಟ್ 22-250, ಪಾಯಿಂಟ್ 223 ಅಂತ. ಹಗುರ ಗುಂಡು, ಸೆಕೆಂಡಿಗೆ ಸಾವಿರ ಮೀಟರಿನ ಆಸುಪಾಸು ವೇಗ, ತಗುಲಿದ ಕೂಡಲೇ ಒಡೆದು ಚೂರಾಗುತ್ತದೆ. ಬಯಲಿನಲ್ಲಿ ಇನ್ನೂರು ಮುನ್ನೂರು ಗಜ ದೂರದ ಸಣ್ಣ ಪ್ರಾಣಿಗೆ ಅದು ಸರಿ. ಆದರೆ ನಮ್ಮ ಗದ್ದೆ ಬಯಲೇ? ಎರಡು ಗುಡ್ಡದ ನಡುವಿನ ಕಣಿವೆ. ಗದ್ದೆ ಮುಗಿದಲ್ಲಿ ತೋಟ, ತೋಟ ಮುಗಿದಲ್ಲಿ ಇನ್ನೊಬ್ಬರ ಅಂಗಳ. ನಮ್ಮ ದೇಶದಲ್ಲಿ ಸಾಮಾನ್ಯನಿಗೆ ದಕ್ಕುವ ರೈಫಲ್ಲೆಂದರೆ ಬಹುಮಟ್ಟಿಗೆ ಪಾಯಿಂಟ್ 315. ಸೇನೆಯ ಪಾಯಿಂಟ್ 303 ನಿಷಿದ್ಧವಾದ್ದರಿಂದ ಆಸ್ಟ್ರಿಯಾದ ಹಳೆಯ ಮ್ಯಾನ್ಲಿಚರ್ ತೋಟಾ ಈ ಹೆಸರಿನಲ್ಲಿ ಇಲ್ಲಿ ಉಳಿದುಕೊಂಡಿತು. ಅದರ ಗುಂಡು ಹಂದಿಯನ್ನು ಕೊಲ್ಲುತ್ತದೆ, ಸಂಶಯವಿಲ್ಲ. ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಪಾಯಿಂಟ್ 22 ಇನ್ನೂ ಕೆಡುಕು: ಎರಡೂವರೆ ಗ್ರಾಮಿನ ಗುಂಡು ಹಂದಿಗೆ ಸಾಲದು, ಮನುಷ್ಯನಿಗೆ ಸಾಕು, ಒಂದು ಮೈಲಿಯಾಚೆಗೂ ಅಪಾಯ. ಕತ್ತಲಲ್ಲಿ, ಟಾರ್ಚಿನ ಬೆಳಕಲ್ಲಿ, ಎಪ್ಪತ್ತು ದಾಟಿದ ಕೈಗೆ ರೈಫಲ್ ಕೊಡಿ ಅನ್ನುವವರು ಆ ಕಣಿವೆಯಲ್ಲಿ ಒಂದು ರಾತ್ರಿ ಮಲಗಿ ನೋಡಲಿ.

ಇನ್ನೊಂದು ಮಾತು. ಟೆಕ್ಸಾಸಿನ ಹಂದಿ ಯುರೋಪಿನವರು ತಂದು ಬಿಟ್ಟು ಕಾಡುಬಿದ್ದದ್ದು. ನಮ್ಮ ಕಾಡುಹಂದಿ ಇಲ್ಲಿಯದೇ. ಹುಲಿಗೆ, ಚಿರತೆಗೆ, ಕೆನ್ನಾಯಿಗೆ ಅದೇ ಊಟ. ಅಲ್ಲಿಯ ನ್ಯಾಯ ಇಲ್ಲಿಗೆ ಹೊಂದುವುದಿಲ್ಲ.

ಮೂರನೆಯವರು ಊರಿನಲ್ಲೇ ಇದ್ದಾರೆ, ಹಳೆಯ ಶಿಕಾರಿ ಗತ್ತಿನವರು. "ಯಾವ ಚರೆಯಾದ್ರೂ ಹೊಡಿ ಮಾರಾಯ, ಹೆದರಿ ಓಡ್ತದೆ" ಅನ್ನುತ್ತಾರೆ. ನಾಡಿಗೆ ಹೆಚ್ಚು ಹಾನಿ ಮಾಡಿದ ಮಾತು ಇದೇ. ಕೆನೆತ್ ಆಂಡರ್ಸನ್ನನ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದವರು ನಾವು. ಅವನ ಪಾಯಿಂಟ್ 405 ವಿಂಚೆಸ್ಟರ್ ರೈಫಲ್ ನೆನಪಿದೆ. ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಮನೆಗೆ ಹೋಗಬಾರದು ಅನ್ನುವ ಅವನ ಹಟ ಮಾತ್ರ ಮರೆತಿದೆ.

ಚರೆಯ ಲೆಕ್ಕ ಸರಳ. ಹನ್ನೆರಡು ಬೋರಿನ ತೋಟಾದಲ್ಲಿ ಒಟ್ಟು ಸೀಸ ಹೆಚ್ಚುಕಮ್ಮಿ ಒಂದು ಔನ್ಸು, ಮೂವತ್ತು ಗ್ರಾಮಿನ ಸುಮಾರು. ಅದನ್ನು ಎಷ್ಟು ಪಾಲು ಮಾಡಿದ್ದಾರೆ ಅನ್ನುವುದೇ ನಂಬರು. ಎಲ್‌ಜಿಯಲ್ಲಿ ಔನ್ಸಿಗೆ ಆರು, ಒಂದೊಂದೂ ಒಂಬತ್ತು ಮಿಲಿಮೀಟರು ದಪ್ಪ. ಎಸ್‌ಜಿಯಲ್ಲಿ ಎಂಟು. ಬಿಬಿಯಲ್ಲಿ ಎಪ್ಪತ್ತು. ನಾಲ್ಕನೇ ನಂಬರಿನಲ್ಲಿ ನೂರಾ ಎಪ್ಪತ್ತು; ಮೂರು ಮಿಲಿಮೀಟರಿನ ಕಾಳು, ಹಕ್ಕಿಗೆ ಮಾಡಿದ್ದು. ಹಂದಿಯ ಭುಜದ ಚರ್ಮ ಎಂಥ ದಪ್ಪ ಅಂತ ಊರವರಿಗೆ ಹೇಳಬೇಕಿಲ್ಲ. ಎಲ್‌ಜಿ, ಎಸ್‌ಜಿ ಇಪ್ಪತ್ತೈದು ಮೂವತ್ತು ಹೆಜ್ಜೆಯಲ್ಲಿ ಎದೆಗೆ ಹೋದರೆ ಪ್ರಾಣಿ ಅಲ್ಲೇ ಬೀಳುತ್ತದೆ. ಅದಕ್ಕಿಂತ ದೂರವಾದರೆ ಚರೆ ಹರಡುತ್ತದೆ, ಹೊಡೆಯಬಾರದು. ನಾಲ್ಕನೇ ನಂಬರು ಎಲ್ಲಿ ಹೊಡೆದರೂ ಚರ್ಮದಡಿ ಉಳಿಯುತ್ತದೆ, ಕೀವಾಗುತ್ತದೆ.

ನನಗೆ ಇದು ಪುಸ್ತಕ ಓದಿ ಗೊತ್ತಾದದ್ದಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಕಾಲೇಜು ರಜೆಗೆ ಹೋದಾಗ, ಮಾಳದಲ್ಲಿ ಅಪ್ಪಯ್ಯ ಮಲಗಿದ್ದರು, ಕೋವಿ ನನ್ನ ಕೈಯಲ್ಲಿತ್ತು. ತುಂಬಿದ್ದು ನಾಲ್ಕನೇ ನಂಬರು. ಐವತ್ತು ಹೆಜ್ಜೆಯಾಚೆ ಕಪ್ಪಗೆ ಏನೋ ಅಲ್ಲಾಡಿತು, ಎಳೆದೆ. ಕಿರುಚುತ್ತಾ ಓಡಿತು. ಬೆಳಿಗ್ಗೆ ಎಲ್ಲರೂ ಬೆನ್ನು ತಟ್ಟಿದರು. ಐದನೇ ದಿನ ಹಳ್ಳದ ಕಡೆಯಿಂದ ವಾಸನೆ ಬಂತು, ಹೋಗಿ ನೋಡಿದೆವು. ಹೆಣ್ಣು ಹಂದಿ, ಹೊಟ್ಟೆಯ ಭಾಗವೆಲ್ಲ ಹುಳ. ನೀರಿಗೆ ಬಾಯಿ ಇಟ್ಟುಕೊಂಡೇ ಸತ್ತಿತ್ತು. ಅನುಮತಿ ಇಲ್ಲದೆ ಹೊಡೆದದ್ದು ಕಾನೂನಿಗೂ ತಪ್ಪು, ಅದು ಆಮೇಲೆ ತಿಳಿಯಿತು. ಅಪ್ಪಯ್ಯ ಏನೂ ಬೈಯಲಿಲ್ಲ. ಮಣ್ಣು ಮುಚ್ಚಿ ಬಂದು ಸ್ನಾನ ಮಾಡಿದರು, ಆ ದಿನ ಊಟ ಮಾಡಲಿಲ್ಲ. ಕೋವಿ ಹಿಡಿಯುವುದನ್ನು ನಾನು ಅಂದೇ ಬಿಟ್ಟೆ. ಅಪ್ಪಯ್ಯನಿಗೆ ಬಿಡುವ ಹಾಗಿರಲಿಲ್ಲ.

ಈಗ ಸರ್ಕಾರದ ಮಾತು. ಕೈಗೆ 'ಬೆಳೆ ರಕ್ಷಣೆ'ಯ ಲೈಸೆನ್ಸು ಕೊಡುತ್ತಾರೆ. 1972ರ ವನ್ಯಜೀವಿ ಕಾಯ್ದೆ, ಬೆಳೆ ತಿನ್ನುವ ಹಂದಿಯನ್ನೂ ಅನುಮತಿ ಇಲ್ಲದೆ ಹೊಡೆಯಬಾರದು ಅನ್ನುತ್ತದೆ. ಅದೇ ಕಾಯ್ದೆಯ 11ನೇ ಕಲಮು, ಬೆಳೆಗೆ ಅಪಾಯವಾದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಅನುಮತಿ ನೀಡಬಹುದು ಅಂತಲೂ ಹೇಳುತ್ತದೆ. ಕೊಡಗಿನವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯ್ತಿ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಅದು ಕೋವಿಗೆ ವಿನಾಯ್ತಿ, ಬೇಟೆಗಲ್ಲ. ಅಂದರೆ ಕೋವಿ ಸದ್ದು ಮಾಡುವುದಕ್ಕೆ. ಸದ್ದಿಗಾದರೆ ಗರ್ನಾಲು ಸಾಕಿತ್ತಲ್ಲ? ಆ ಕೋವಿಯನ್ನೂ ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿಡು ಅನ್ನುತ್ತಾರೆ. ಹಂದಿಗೆ ನೀತಿಸಂಹಿತೆ ಗೊತ್ತಿಲ್ಲ.

ನೇರ ದಾರಿ ಮುಚ್ಚಿದರೆ ಜನ ಅಡ್ಡದಾರಿ ಹಿಡಿಯುತ್ತಾರೆ. ಬೇಲಿಗೆ ಕರೆಂಟು ಬಿಡುತ್ತಾರೆ, ತಂತಿಯ ಉರುಳು ಹಾಕುತ್ತಾರೆ, ಹಣ್ಣಿನೊಳಗೆ ಸಿಡಿಮದ್ದು ಇಡುತ್ತಾರೆ. ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ಗೊತ್ತಾಗುವುದಿಲ್ಲ. 2020ರಲ್ಲಿ ಪಾಲಕ್ಕಾಡಿನಲ್ಲಿ ಬಸುರಿ ಆನೆಯೊಂದು ಸಿಡಿಮದ್ದಿಗೆ ಬಾಯಿ ಒಡೆದುಕೊಂಡು ಹೊಳೆಯಲ್ಲಿ ನಿಂತೇ ಸತ್ತಾಗ ದೇಶವೆಲ್ಲ ಅತ್ತಿತು. ಅತ್ತವರಲ್ಲಿ ಎಷ್ಟು ಜನ ಕೇಳಿದರು, ಆ ಮದ್ದನ್ನು ಇಡುವ ಸ್ಥಿತಿ ಹೇಗೆ ಬಂತು ಅಂತ?

ಹಾಗಾದರೆ ಹಂದಿಯನ್ನು 'ಪೀಡಕ' ಅಂತ ಸಾರಿಬಿಡಲಿ ಅನ್ನುವವರಿದ್ದಾರೆ. ನಾನು ಆ ಪಕ್ಷವೂ ಅಲ್ಲ. 62ನೇ ಕಲಮಿನಡಿ ಹಾಗೆ ಸಾರಿದರೆ ಆ ಜಾಗದಲ್ಲಿ, ಆ ಅವಧಿಗೆ ಪ್ರಾಣಿಗೆ ರಕ್ಷಣೆಯೇ ಇರುವುದಿಲ್ಲ. ಬಿಹಾರದಲ್ಲಿ ನೀಲಗಾಯ್‌ಗೆ ಹಾಗೆ ಮಾಡಿದರು. 2016ರ ಜೂನಿನಲ್ಲಿ ಮೊಕಾಮಾದಲ್ಲಿ ಹೊರಗಿನ ಗುರಿಕಾರರನ್ನು ಕರೆಸಿ ಇನ್ನೂರಕ್ಕೂ ಹೆಚ್ಚು ಹೊಡೆಸಿದರು. ಅದು ಬೆಳೆ ಕಾಯುವ ರೀತಿಯಲ್ಲ. ಕೇರಳ 2022ರಲ್ಲಿ ಮಾಡಿದ್ದು ವಾಸಿ: ಪಂಚಾಯ್ತಿ ಅಧ್ಯಕ್ಷರಿಗೇ ಹಂದಿ ಹೊಡೆಸುವ ಅಧಿಕಾರ ಕೊಟ್ಟು, ವಿಷ, ಸಿಡಿಮದ್ದು, ಕರೆಂಟು ಕೂಡದು ಅಂತ ಷರತ್ತು ಹಾಕಿತು. ಬೇಕಾದದ್ದು ಇಷ್ಟೇ: ಹತ್ತಿರದಲ್ಲಿ ಸಿಗುವ ಅನುಮತಿ, ಬೇಗ ಬರುವ ಪರಿಹಾರ, ಅಂಗಡಿಯಲ್ಲಿ ಸರಿಯಾದ ತೋಟಾ, ಅದನ್ನು ಹೊಡೆಯಲು ಸರಿಯಾದ ಪಾಠ.

ಪಾಠದ ಮಾತು ಬಂದಾಗ ನನಗೆ ಬಾಲೇವಾಡಿ ನೆನಪಾಗುತ್ತದೆ. ವಾಕಡದ ಮಗ್ಗುಲಲ್ಲೇ ಇರುವ ಅಲ್ಲಿನ ಕ್ರೀಡಾ ಸಂಕೀರ್ಣದ ಶೂಟಿಂಗ್ ರೇಂಜಿನಲ್ಲಿ 2008ರ ಕಾಮನ್‌ವೆಲ್ತ್ ಯುವ ಕ್ರೀಡಾಕೂಟದ ಶೂಟಿಂಗ್ ಸ್ಪರ್ಧೆಗಳು ನಡೆದವು. ಪದಕಕ್ಕಾಗಿ ಮಕ್ಕಳು ಕಾಗದದ ಗುರಿಗೆ ಸಾವಿರಗಟ್ಟಲೆ ಗುಂಡು ಹೊಡೆದು ಕಲಿಯುತ್ತಾರೆ. ಜೀವಕ್ಕೆ ಗುರಿಯಿಡುವ ನನ್ನ ಅಪ್ಪಯ್ಯ ನಲವತ್ತು ವರ್ಷದಲ್ಲಿ ಒಂದೇ ಒಂದು ಕಾಗದಕ್ಕೆ ಹೊಡೆದು ನೋಡಿಲ್ಲ. ಹೊಸದಾಗಿ ಲೈಸೆನ್ಸು ಕೇಳುವವನಿಗೆ 2016ರ ನಿಯಮಗಳು ತರಬೇತಿ ಕಡ್ಡಾಯ ಮಾಡಿವೆ, ಒಳ್ಳೆಯದು. ಆದರೆ ಯಾವ ಚರೆ ಎಷ್ಟು ದೂರದಲ್ಲಿ ಏನು ಮಾಡುತ್ತದೆ ಅಂತ ಹಳೆಯವರಿಗೆ ಯಾರು ಹೇಳಿದ್ದಾರೆ?

ಇಲ್ಲಿಯವರೆಗೆ ಬೇರೆಯವರನ್ನು ಬೈದದ್ದಾಯಿತು. ಇನ್ನು ನನ್ನ ಸರದಿ. ನಾನು ಚಿಕ್ಕವನಿದ್ದಾಗ ನಮ್ಮ ಕೇರಿಯ ಗದ್ದೆಗಳಲ್ಲಿ ಹನ್ನೊಂದು ಮಾಳ ಇದ್ದವು. ರಾತ್ರಿಯಿಡೀ ಕೂಗು, ಡಬ್ಬದ ಸದ್ದು, ಬೆಂಕಿ. ಹಂದಿ ಆಗಲೂ ಇತ್ತು, ಅಂಚಿನಲ್ಲಿ ನಿಂತು ಹಿಂದೆ ಹೋಗುತ್ತಿತ್ತು. ಈಗ ಮಾಳ ಒಂದು. ಉಳಿದ ಹತ್ತು ಮಾಳದ ಹುಡುಗರು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಅಮೆರಿಕದಲ್ಲಿ ಇದ್ದೇವೆ. ಅರ್ಧ ಗದ್ದೆ ಪಾಳು, ಪಾಳಿನಲ್ಲಿ ಪೊದೆ, ಪೊದೆಯಲ್ಲಿ ಹಂದಿ. ಹತ್ತು ಹುಡುಗರ ಕೂಗು ಮಾಡುತ್ತಿದ್ದ ಕೆಲಸವನ್ನು ಒಬ್ಬ ಮುದುಕನ ಕೋವಿ ಮಾಡಬೇಕಾಗಿದೆ. ಅದಕ್ಕೆ ಯಾವ ತೋಟಾ ಹಾಕಬೇಕು ಅಂತ ಅವರು ಕೇಳಿದರೆ, ಹವಾನಿಯಂತ್ರಿತ ಕೋಣೆಯಲ್ಲಿ ಕೂತ ನಾನು 'ಹಿಂಸೆ ಬೇಡ' ಅನ್ನಲು ಯಾವ ಮುಖ ಇಟ್ಟುಕೊಳ್ಳಲಿ? ಬಿಟ್ಟು ಬಂದವರು ಕೇಳಬಹುದಾದ ಪ್ರಶ್ನೆ ಒಂದೇ: ಹೊಡೆಯಲೇಬೇಕಾದರೆ ಒಂದೇ ಏಟಿಗೆ ಸಾಯುತ್ತದೆಯೇ, ಆಚೆ ಮನೆಯವರು ಬದುಕುತ್ತಾರೆಯೇ?

ಎಪ್ಪತ್ತಾದ ಲೈಸೆನ್ಸುದಾರ ಕೋವಿಯನ್ನು ವಾರಸುದಾರನಿಗೆ ದಾಟಿಸಲು ಈಗ ಅರ್ಜಿ ಹಾಕಬಹುದು. ಅಪ್ಪಯ್ಯ ಎರಡು ಸಲ ಕೇಳಿದ್ದಾರೆ. ವಾಕಡದ ಏಳನೇ ಮಹಡಿಯಲ್ಲಿ ಬೆಳೆ ರಕ್ಷಣೆಯ ಕೋವಿಗೆ ಏನು ಕೆಲಸ ಅಂತ ನಾನು ಹಾರಿಕೆಯ ಉತ್ತರ ಕೊಟ್ಟಿದ್ದೇನೆ.

ಆ ರಾತ್ರಿ ಫೋನಿನಲ್ಲಿ ಹೇಳಿದ್ದು ಇದು: ನಾಲ್ಕನೇ ನಂಬರು ತರಬೇಡಿ. ಎಲ್‌ಜಿ ಬರುವವರೆಗೆ ಕಾಯಿರಿ. ನಾಳೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಕೊಡಿ, ಮುಂದಿನ ವಾರ ನಾನೇ ಬಂದು ಬೆನ್ನು ಹತ್ತುತ್ತೇನೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪಯ್ಯ ಕೇಳಿದರು: "ನೀ ಬಪ್ಪ ತನಕ ಹಂದಿ ಕಾಯ್ತಾ?"