ಕರಾರಿಗೆ ಮೊದಲು ಊರಿನ ಮಾತು

ಡೇಟಾ ಸೆಂಟರ್‌ಗಳು ಬೆಂಗಳೂರಿನ ಆಚೆಗೂ ಬರಲಿ ಎಂಬ ವಾದ ಒಪ್ಪತಕ್ಕದ್ದೇ. ಆದರೆ ಸಹಿ ಹಾಕುವ ಮುನ್ನ ಚಳ್ಳಕೆರೆಯನ್ನು ನೆನೆಯಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಸುಮಾರು 10 ಸಾವಿರ ಎಕರೆ ಅಮೃತಮಹಲ್ ಕಾವಲನ್ನು ಹಂಚಲಾಯಿತು. ದನ, ಕುರಿ ಮೇಯಿಸುತ್ತಿದ್ದ ಬಹುಪಾಲು ಜನರಿಗೆ ವಿಷಯ ತಿಳಿದದ್ದು ಗೋಡೆ ಎದ್ದಾಗಲೇ. 2013ರಲ್ಲಿ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದಿತ್ತು.

ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆಗೆಂದೇ ರಾಜ್ಯದಲ್ಲಿ 1999ರ ಕಾಯ್ದೆಯಿದೆ. ಅದು ಟೆಂಡರಿನ ದರ, ಸ್ಪರ್ಧೆಗಳನ್ನು ಕಾಯುತ್ತದೆ, ಊರಿನ ನೀರನ್ನಲ್ಲ. ಸರ್ವರ್‌ಗಳನ್ನು ತಂಪಾಗಿಡಲು ಅಪಾರ ವಿದ್ಯುತ್ ಬೇಕು, ಅನೇಕ ಕಡೆ ನೀರೂ ಬೇಕು. ಚಳ್ಳಕೆರೆ, ಮೊಳಕಾಲ್ಮುರುಗಳಂಥ ಬರದ ಸೀಮೆಯಲ್ಲಿ ನೀರಿನ ಮೂಲ, ಬಳಕೆಯ ಮಿತಿ, ಮೀರಿದರೆ ದಂಡ ಇವೆಲ್ಲ ಕರಾರಿನಲ್ಲೇ ಇರಬೇಕು. ಅದನ್ನು ಮೊದಲು ಗ್ರಾಮಸಭೆಯಲ್ಲಿ ಓದಬೇಕು. ಸಹಿಯಾದ ಮೇಲಿನ ಸಮಾಲೋಚನೆ ಬರೀ ಸಮಾಧಾನದ ಮಾತಷ್ಟೇ.